ಒಂಟಿ ಜೋಡಿಯ ಲೆಕ್ಕ

ಅಣುವಿನ ನಡುವಣ ಪರಮಾಣುವಿಗೆ ಅಂಟಿದ ಪರಮಾಣುಗಳೆಷ್ಟು, ಅದರ ಬಳಿ ಬಂಧಕ್ಕೆ ಸೇರದೆ ಉಳಿದ ಎಲೆಕ್ಟ್ರಾನ್ ಜೋಡಿಗಳೆಷ್ಟು? ಇವೆರಡರ ಮೊತ್ತವೇ ಸ್ಟೆರಿಕ್ ಸಂಖ್ಯೆ. ಮೊತ್ತ ಎರಡಾದರೆ ಎಸ್‌ಪಿ, ಮೂರಾದರೆ ಎಸ್‌ಪಿ2, ನಾಲ್ಕಾದರೆ ಎಸ್‌ಪಿ3 ಸಂಕರಣವೆಂದು ಇಂದಿನ ವಿದ್ಯಾರ್ಥಿ ಬೆರಳೆಣಿಸಿ ಹೇಳಬಲ್ಲ. ಆದರೆ ಈ ಎಣಿಕೆ ಸುಲಭವಾಗಿ ದಕ್ಕಿದ್ದಲ್ಲ.

ಇಂಗಾಲದ ನಾಲ್ಕು ಬಂಧಗಳು ನಾಲ್ಕು ಮುಖಗಳ ಘನಾಕೃತಿಯ ಮೂಲೆಗಳತ್ತ ಚಾಚಿವೆ ಎಂದು 1874ರಲ್ಲಿ ತರುಣ ವಾಂಟ್ ಹಾಫ್ ಬರೆದಾಗ, ಹಿರಿಯ ರಸಾಯನ ವಿಜ್ಞಾನಿ ಕೋಲ್ಬೆ ಅವರನ್ನು ಕಟುವಾಗಿ ಹಂಗಿಸಿದರು. 1931ರಲ್ಲಿ ಪೌಲಿಂಗ್ ಒಂದು ಎಸ್, ಮೂರು ಪಿ ಕಕ್ಷಕಗಳನ್ನು ಬೆರೆಸಿ ಆ ಆಕಾರಕ್ಕೆ ಕಾರಣ ಕೊಟ್ಟರು.

ಎಣಿಕೆಯ ಕೀಲಿ ಸಿಕ್ಕಿದ್ದು 1940ರಲ್ಲಿ. ಆಕ್ಸ್‌ಫರ್ಡಿನ ಸಿಜ್ವಿಕ್ ಮತ್ತು ಪೊವೆಲ್, ಬಂಧದ ಜೋಡಿಗಳೊಡನೆ 'ಒಂಟಿ ಜೋಡಿ'ಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡರು. (ಜೋಡಿಯಾದರೂ ಒಂಟಿ! ಹೆಸರೇ ವಿಚಿತ್ರ.) ನೀರಿನ ಆಮ್ಲಜನಕಕ್ಕೆ ಜಲಜನಕ ಎರಡು, ಒಂಟಿ ಜೋಡಿ ಎರಡು, ಒಟ್ಟು ನಾಲ್ಕು. ನೀರಿನ ಅಣು ಬಾಗಿರುವುದು ಇದರಿಂದಲೇ. ಆದರೆ ಕೋನ 109.5 ಡಿಗ್ರಿಯಾಗದೆ 104.5 ಆಗಿದೆಯಲ್ಲ? ಒಂಟಿ ಜೋಡಿ ಹೆಚ್ಚು ಜಾಗ ಕೇಳಿ ನೆರೆಯವರನ್ನು ತಳ್ಳುತ್ತದೆಂದು 1957ರಲ್ಲಿ ಗಿಲೆಸ್ಪಿ ಮತ್ತು ನೈಹೋಮ್ ವಿವರಿಸಿದರು.

1962ರಲ್ಲಿ ಕ್ಸೆನಾನ್ ಟೆಟ್ರಾಫ್ಲೋರೈಡ್ ತಯಾರಾಯಿತು. ಫ್ಲೋರಿನ್ ನಾಲ್ಕು, ಒಂಟಿ ಜೋಡಿ ಎರಡು, ಮೊತ್ತ ಆರು. ಒಂಟಿ ಜೋಡಿಗಳು ಎದುರುಬದುರಾಗಿ ನಿಂತರೆ ಅಣು ಚಪ್ಪಟೆ ಚೌಕವಾಗಬೇಕು. ಪರೀಕ್ಷಿಸಿದಾಗ ಹಾಗೆಯೇ ಇತ್ತು. ಪಠ್ಯಪುಸ್ತಕಗಳು ಇದನ್ನು ಎಸ್‌ಪಿ3ಡಿ2 ಸಂಕರಣವೆಂದು ಕರೆದವು. ಡಿ ಕಕ್ಷಕಗಳ ಪಾಲು ತೀರ ಕಡಿಮೆಯೆಂದು ಮುಂದಿನ ಗಣನೆಗಳು ತೋರಿಸಿದ ಮೇಲೂ, ಆಕಾರ ಊಹಿಸಲು ಆ ಆರರ ಎಣಿಕೆ ಬಳಕೆಯಲ್ಲಿದೆ.