ಮಡಿಲಿಗೆ ಬಂದ ನಾಯಿ

ಜೀಡಿಮೆಟ್ಲಾದ ಕಾರ್ಖಾನೆಗಳ ಸುತ್ತ ನೆಲೆಸಿರುವ ನಮ್ಮಂಥವರ ಮನೆಗಳಿಗೆ ಅಂಗಳವಿಲ್ಲ. ಎರಡು ಕೋಣೆ, ಒಂದು ಬಾಲ್ಕನಿ, ಅಷ್ಟೇ. ಮಕ್ಕಳು ನಾಯಿ ಬೇಕೆಂದು ಹಟ ಹಿಡಿದರೆ ನಾವು ಹಿರಿಯರು ಕೊನೆಗೆ ಒಪ್ಪುವುದು ಪಾಮರೇನಿಯನ್ನಿಗೆ. ನಾಯಿ ಚಿಕ್ಕದು, ಆದುದರಿಂದ ಹೊರೆಯೂ ಚಿಕ್ಕದು ಎಂಬುದು ನಮ್ಮ ಲೆಕ್ಕ. ಈ ಲೆಕ್ಕ ಸರಿಯೇ ಎಂದು ತಿಳಿಯಬೇಕಾದರೆ ಆ ನಾಯಿ ಚಿಕ್ಕದಾದ ಚರಿತ್ರೆಯನ್ನು ನೋಡಬೇಕು.

ಪಾಮರೇನಿಯನ್ ಮೂಲದಲ್ಲಿ ಮಡಿಲಿನ ನಾಯಿಯಲ್ಲ. ಉತ್ತರದ ಹಿಮನಾಡುಗಳಲ್ಲಿ ಜಾರುಬಂಡಿ ಎಳೆದು, ಮಂದೆ ಕಾಯ್ದು ಬದುಕಿದ ಸ್ಪಿಟ್ಜ್ ಕುಲ ಅದರದು. ಬಾಲ್ಟಿಕ್ ಸಮುದ್ರದ ದಂಡೆಯ ಪಾಮರೇನಿಯಾ ಸೀಮೆಯಿಂದ ಅದಕ್ಕೆ ಆ ಹೆಸರು ಬಂತು. 1767ರಲ್ಲಿ ಇಂಗ್ಲೆಂಡಿನ ರಾಣಿ ಶಾರ್ಲಟ್ ತರಿಸಿಕೊಂಡ ಜೋಡಿ ಇಂದಿನವಕ್ಕಿಂತ ಎಷ್ಟೋ ದೊಡ್ಡವು. ಆಕೆಯ ಮೊಮ್ಮಗಳು ವಿಕ್ಟೋರಿಯಾ ರಾಣಿ 1888ರಲ್ಲಿ ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಮಾರ್ಕೋ ಎಂಬ ನಾಯಿಯನ್ನು ಮೆಚ್ಚಿ ತಂದರು. ಅದರ ತೂಕ ಸುಮಾರು ಐದೂವರೆ ಕಿಲೋ. ರಾಣಿಗೆ ಚಿಕ್ಕದು ಪ್ರಿಯವಾದ ಮೇಲೆ ಪ್ರಜೆಗಳಿಗೂ ಚಿಕ್ಕದೇ ಬೇಕಾಯಿತು. ತಳಿಗಾರರು ಪ್ರತಿ ಸೂಲಿನಲ್ಲೂ ಸಣ್ಣ ಮರಿಗಳನ್ನೇ ಆರಿಸಿ ಮುಂದಿನ ಪೀಳಿಗೆ ಬೆಳೆಸಿದರು. 1901ರ ಜನವರಿಯಲ್ಲಿ ರಾಣಿ ಕೊನೆಯುಸಿರೆಳೆದಾಗ ಟುರಿ ಎಂಬ ಪಾಮರೇನಿಯನ್ ಹಾಸಿಗೆಯ ಮೇಲೆ ಜೊತೆಗಿತ್ತು. ಇಂದು ಪ್ರದರ್ಶನಕ್ಕೆ ನಿಲ್ಲುವ ಪಾಮರೇನಿಯನ್ ಎರಡು ಮೂರು ಕಿಲೋ ತೂಗಿದರೆ ಹೆಚ್ಚು.

ಚಿಕ್ಕ ಮೈಗೆ ಕಾರಣವಾಗುವ ಒಂದು ವಂಶವಾಹಿ ರೂಪ ಐವತ್ತು ಸಾವಿರ ವರ್ಷಕ್ಕೂ ಹಿಂದಿನ ತೋಳದಲ್ಲೇ ಇತ್ತೆಂದು 2022ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಬೀಜ ಪ್ರಕೃತಿಯದು, ಅದನ್ನು ಆರಿಸಿ ಬಿತ್ತಿದವನು ಮನುಷ್ಯ. ನಮ್ಮ ಬೀದಿಗಳಲ್ಲಿ ಪಾಮರೇನಿಯನ್ ಎಂದು ಕರೆಸಿಕೊಳ್ಳುವ ಬಿಳಿ ನಾಯಿಗಳಲ್ಲಿ ಹಲವು ಇಂಡಿಯನ್ ಸ್ಪಿಟ್ಜ್. ಅವು ತುಸು ದೊಡ್ಡವು, ನಮ್ಮ ಹವೆಗೆ ಹೊಂದಿಕೊಂಡವು.

ಮೈ ಕುಗ್ಗಿದಂತೆ ಪರಾವಲಂಬನೆ ಹೆಚ್ಚಿತು. ಪುಟ್ಟ ಮರಿ ಹಸಿದಿದ್ದರೆ ರಕ್ತದ ಸಕ್ಕರೆ ಬೇಗ ಇಳಿಯುತ್ತದೆ. ದಿನಕ್ಕೆ ಮೂರು ನಾಲ್ಕು ಬಾರಿ ಸ್ವಲ್ಪ ಸ್ವಲ್ಪ ಉಣಿಸಬೇಕು. ಶ್ವಾಸನಾಳ ಮೆದು, ಕೊರಳಿಗೆ ಪಟ್ಟಿ ಬಿಗಿದು ಜಗ್ಗುವ ಬದಲು ಎದೆಗೆ ಸುತ್ತುವ ಪಟ್ಟಿ ಲೇಸು. ಮಂಡಿಚಿಪ್ಪು ಜಾರುವುದುಂಟು, ಮಂಚದಿಂದ ಹಾರಲು ಬಿಡಬಾರದು. ಇಕ್ಕಟ್ಟಾದ ಬಾಯಲ್ಲಿ ಹಲ್ಲು ಬೇಗ ಕೆಡುತ್ತವೆ. ಈರುಳ್ಳಿ ನಾಯಿಯ ರಕ್ತಕಣಗಳನ್ನು ಕೆಡಿಸುವುದರಿಂದ ಸಾಂಬಾರಿನ ಅನ್ನ ಸಲ್ಲದು. ದ್ರಾಕ್ಷಿ, ಚಾಕೊಲೇಟು ವಿಷ. ಹೈದರಾಬಾದಿನ ಮೇ ತಿಂಗಳ ಸೆಕೆಯಲ್ಲಿ ಮಧ್ಯಾಹ್ನ ಬಾಲ್ಕನಿಯಲ್ಲಿ ಕಟ್ಟಿದರೆ ಹಿಮನಾಡಿನ ಆ ತುಪ್ಪಳದ ಪ್ರಾಣಿಯ ಜೀವಕ್ಕೇ ಸಂಚಕಾರ. ಹುಚ್ಚುನಾಯಿ ರೋಗದ ಲಸಿಕೆಯನ್ನಂತೂ ತಪ್ಪಿಸುವಂತಿಲ್ಲ. ದೂರವಾದರೂ ನಾರಾಯಣಗೂಡದ ಸರ್ಕಾರಿ ಪಶು ಆಸ್ಪತ್ರೆ ನಮಗಿದೆ. ಕೊಳ್ಳುವಾಗಲೂ ಎಚ್ಚರ ಬೇಕು: ಎಂಟು ವಾರ ತುಂಬದ ಮರಿಯನ್ನು ಮಾರಕೂಡದೆಂದು ಕೇಂದ್ರ ಸರ್ಕಾರದ 2017ರ ನಿಯಮಗಳು ಹೇಳುತ್ತವೆ.

ಇಷ್ಟೆಲ್ಲ ಒಂದು ನಾಯಿಗೇ ಎಂದು ಕೇಳುವವರುಂಟು. ಕನ್ನಡಿಗರಿಗೆ ನಾಯಿಯ ಋಣ ಹೊಸ ಮಾತಲ್ಲ. ಮುಂದೆ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ ಮಳಖೇಡದಿಂದ ಆಳುತ್ತಿದ್ದ ರಾಷ್ಟ್ರಕೂಟ ಮೂರನೆಯ ಕೃಷ್ಣ, 949ರಲ್ಲಿ ತಕ್ಕೋಲದಲ್ಲಿ ಚೋಳರನ್ನು ಸೋಲಿಸಿದ. ಆ ಯುದ್ಧದಲ್ಲಿ ಮೆರೆದ ಮಣಲೆರನಿಗೆ ಗಂಗ ದೊರೆ ಬೂತುಗ, ಬೇಕಾದ್ದನ್ನು ಕೇಳು ಎಂದಾಗ ಆತ ಕೇಳಿದ್ದು ಕಾಳಿ ಎಂಬ ನಾಯಿಯನ್ನು. ಕಾಡುಹಂದಿಯೊಡನೆ ಹೋರಾಡಿ, ಅದನ್ನು ಕೊಂದು ಕಾಳಿಯೂ ಸತ್ತಿತು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಅದಕ್ಕೆ ಕಲ್ಲು ನಿಲ್ಲಿಸಿ, ಭೂಮಿ ಬಿಟ್ಟರು. ಆ ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಲ್ಲನ್ನು ಪೂಜಿಸದೆ ಅಲ್ಲಿನ ಗೊರವ ಉಣ್ಣಬಾರದೆಂದು ಶಾಸನ ವಿಧಿಸಿತು.

ಕಾಳಿ ತನ್ನ ಬಲದಿಂದ ಬದುಕಿದ ನಾಯಿ. ಆದರೂ ನಮ್ಮವರು ಅಷ್ಟು ಋಣ ತೀರಿಸಿದರು. ಪಾಮರೇನಿಯನ್ನಿನ ಬಲವನ್ನು ಮನುಷ್ಯನೇ ತನ್ನ ಸಂತೋಷಕ್ಕಾಗಿ ಕುಗ್ಗಿಸಿದ. ಅದರ ಋಣ ಇನ್ನೂ ದೊಡ್ಡದು. ಹತ್ತು ಹನ್ನೆರಡು ವರ್ಷ ಅದಕ್ಕೆ ಉಣಿಸಿ ನಾವು ಉಣ್ಣಬಲ್ಲೆವಾದರೆ ಮಾತ್ರ ಮಕ್ಕಳಿಗೆ ಹೂಂ ಎನ್ನೋಣ.