ಪಾವು, ಸೇರು, ಕೊಳಗ

ಸಾಗರದಿಂದ ಇಕ್ಕೇರಿಗೆ ಹೋದವರು ಅಘೋರೇಶ್ವರನ ಗುಡಿಯನ್ನು ನೋಡಿ ಅಲ್ಲಿಂದಲೇ ಹಿಂದಿರುಗುವುದು ವಾಡಿಕೆ. ಇನ್ನೂ ತುಸು ದೂರ ಹೋಗುವ ಮನಸ್ಸು ಮಾಡಿದವರಿಗೆ ವರದಮೂಲ ಸಿಕ್ಕುತ್ತದೆ. ಗಳಗನಾಥದಲ್ಲಿ ತುಂಗಭದ್ರೆಯನ್ನು ಕೂಡುವ ವರದಾನದಿ ಇಲ್ಲಿ ಬರಿಯ ಒಂದು ಕೊಳ. ಸುತ್ತ ಅಡಿಕೆ ತೋಟ, ಗದ್ದೆ, ಸೊಪ್ಪಿನ ಬೆಟ್ಟ. ಮಳೆ ಹಿಡಿಯಿತೆಂದರೆ ಹಿಂದೆ ನಾಲ್ಕು ತಿಂಗಳು ಪೇಟೆಯ ದಾರಿ ಮುಚ್ಚಿದಂತೆಯೇ. ಮನೆಯಲ್ಲಿದ್ದುದನ್ನೇ ಉಣ್ಣಬೇಕು, ಇಲ್ಲದ್ದನ್ನು ಮರೆಯಬೇಕು. ಹೀಗಾಗಿ ಈ ಸೀಮೆಯ ಅಡಿಗೆಮನೆಯ ಚರಿತ್ರೆಯೆಂದರೆ ಬಹುಮಟ್ಟಿಗೆ ಉಳಿಸಿದ್ದರ ಚರಿತ್ರೆ.

ಒಂದು ಹಲಸಿನ ಹಣ್ಣಿನ ಗತಿಯನ್ನೇ ನೋಡಿ. ಎಳೆಯದಾದರೆ ಪಲ್ಯ, ಬಲಿತರೆ ಹಪ್ಪಳ, ಇನ್ನೂ ಮಿಕ್ಕ ಸೊಳೆ ಉಪ್ಪುನೀರಿನ ಭರಣಿಗೆ. ಹಣ್ಣಾದರೆ ಕಡುಬು. ಬೀಜಕ್ಕೆ ಕೆಮ್ಮಣ್ಣು ಬಳಿದು ಮೂಲೆಯಲ್ಲಿ ಇಟ್ಟರೆ ಆಷಾಢದ ಸಾರಿಗೆ ಒದಗುತ್ತದೆ. ಉಳಿದ ಸಿಪ್ಪೆಯನ್ನು ಕೊಟ್ಟಿಗೆಯ ದನ ಬಿಡುವುದಿಲ್ಲ. ಬಾಳೆಯೂ ಹಾಗೆಯೇ: ಕಾಯಿ, ಹೂವು, ದಿಂಡು, ಎಲೆ, ಯಾವುದೂ ವ್ಯರ್ಥವಲ್ಲ. ಹೀರೆಕಾಯಿಯ ಸಿಪ್ಪೆ ಚಟ್ನಿಯಾಯಿತು, ದಾಳಿಂಬೆಯ ಸಿಪ್ಪೆ ತಂಬುಳಿಯಾಯಿತು, ರಾತ್ರಿಯ ಅನ್ನ ಬೆಳಗಿನ ದೋಸೆಯ ಹಿಟ್ಟಿನೊಳಗೆ ಅಡಗಿತು. ಅಕ್ಕಿ ತೊಳೆದ ಅಕ್ಕಚ್ಚನ್ನೂ ಚೆಲ್ಲುವಂತಿಲ್ಲ; ಅದು ಹಸುವಿನ ಪಾಲು, ಹಸುವಿನ ಸಗಣಿ ತೋಟದ ಪಾಲು.

ಇದನ್ನೆಲ್ಲ ಹೊಗಳುವಾಗ ಒಂದು ಮಾತನ್ನು ಮರೆಯಬಾರದು. ಎಲ್ಲರಿಗೂ ಬಡಿಸಿ, ಪಾತ್ರೆಯ ತಳದಲ್ಲಿ ಏನಿದೆಯೋ ಅದನ್ನು ಉಣ್ಣುತ್ತಿದ್ದವರು ಹೆಂಗಸರು. ಮನೆಯ ಮಿತವ್ಯಯದ ಲೆಕ್ಕ ಸರಿಹೋಗುತ್ತಿದ್ದುದು ಎಷ್ಟೋ ಸಲ ಅವರ ಎಲೆಯ ಮೇಲೆ.

ಈ ಉಳಿತಾಯಕ್ಕೆ ಆಧಾರವಾಗಿದ್ದುದು ಅಳತೆ. ಒಲೆ ಹೊತ್ತಿಸುವ ಮೊದಲು ತಲೆ ಎಣಿಸಿ, ಪಾವಿನಲ್ಲಿ ಅಕ್ಕಿ ಅಳೆದು, ಸಂಶಯವಿದ್ದರೆ ಒಂದು ಹಿಡಿಯನ್ನು ಹಿಂದಕ್ಕೆ ಹಾಕುವುದು ಪದ್ಧತಿ. ಈ ನಾಡಿಗೆ ಅಳತೆಯ ಮೇಲಿನ ನಿಷ್ಠೆ ಹೊಸದೇನಲ್ಲ. 17ನೆಯ ಶತಮಾನದಲ್ಲಿ ಕೆಳದಿಯ ಶಿವಪ್ಪನಾಯಕ ಊರೂರಿನ ಭೂಮಿಯನ್ನು ತರಗತಿ ಮಾಡಿ, ಬಿತ್ತಿದ್ದೆಷ್ಟು, ಬೆಳೆದದ್ದೆಷ್ಟು ಎಂದು ವರ್ಷಗಟ್ಟಲೆ ಲೆಕ್ಕವಿಟ್ಟು, ಅದರ ಮೇಲೆ ಕಂದಾಯ ಕಟ್ಟಿದ. ಅದಕ್ಕೆ ಶಿವಪ್ಪನಾಯಕನ ಶಿಸ್ತು ಎಂದೇ ಹೆಸರು.

ಆದರೆ ಅಳತೆಯ ಪಾತ್ರೆ ಯಾರ ಕೈಯಲ್ಲಿದೆ ಎಂಬ ಪ್ರಶ್ನೆ ಉಂಟಲ್ಲ! ಅಡಿಗೆಮನೆಯಲ್ಲಿ ಅಗುಳನ್ನೂ ಎಣಿಸುತ್ತಿದ್ದ ಈ ಸೀಮೆಯಲ್ಲೇ, ಅಂಗಳದಲ್ಲಿ ಗೇಣಿಯ ಭತ್ತವನ್ನು ಅಳೆದುಕೊಳ್ಳುವಾಗ ಮೂರು ಸೇರು ಹಿಡಿಯಬೇಕಾದ ಕೊಳಗ ಅದಕ್ಕಿಂತ ದೊಡ್ಡದಾಗಿ ಬಿಡುತ್ತಿತ್ತು. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ತಿರುಗಿ ನಿಂತದ್ದಕ್ಕೆ ಕಾರಣಗಳು ಹಲವು. ಕೊಳಗದ ಜಗಳ ಅವುಗಳಲ್ಲಿ ಮುಖ್ಯವಾದುದು. ಎಚ್. ಗಣಪತಿಯಪ್ಪನವರು ಕಟ್ಟಿದ ರೈತಸಂಘದ ಬೆನ್ನಿಗೆ 1951ರ ಏಪ್ರಿಲ್ 18ರಂದು ಸತ್ಯಾಗ್ರಹ ಆರಂಭವಾಯಿತು. ಶಾಂತವೇರಿ ಗೋಪಾಲಗೌಡರೂ ಸಮಾಜವಾದಿ ಪಕ್ಷವೂ ಜೊತೆಗೆ ನಿಂತರು. ಜೂನ್ ತಿಂಗಳಲ್ಲಿ ರಾಮಮನೋಹರ ಲೋಹಿಯಾ ಅವರೇ ಬಂದು ಬಂಧನಕ್ಕೊಳಗಾದರು. ಉಳುವವನಿಗೆ ಹೊಲವನ್ನು ಕೊಡಿಸಿದ ಕಾನೂನು ಬಲಗೊಂಡದ್ದು ಮುಂದೆ 1974ರಲ್ಲಿ, ದೇವರಾಜ ಅರಸರ ಕಾಲಕ್ಕೆ. ಒಡೆಯನ ಮನೆಯಲ್ಲಿ ಹೀರೆಯ ಸಿಪ್ಪೆ ಚಟ್ನಿಯಾಗುವುದು ಜಾಣತನ. ಒಂದು ಸೇರು ಹೆಚ್ಚು ಅಳೆದು ಕೊಟ್ಟು ಬಂದ ಗೇಣಿದಾರನ ಮನೆಯಲ್ಲಿ ಅದೇ ಚಟ್ನಿ ಬೇರೆಯೇ ಸಂಗತಿ. ಮಲೆನಾಡಿನ ಮಿತವ್ಯಯವನ್ನು ಕೊಂಡಾಡುವ ಬರಹಗಳು ಈ ಎರಡನ್ನೂ ಒಂದೇ ಎಲೆಯಲ್ಲಿ ಬಡಿಸಿಬಿಡುತ್ತವೆ. ನನಗೆ ಅದು ಸರಿಕಾಣದು.

ಪೇಟೆಯವರಿಗೆ ಅಕ್ಕಿಯ ಬೆಲೆ ತಿಳಿದದ್ದು ಯುದ್ಧ ಬಂದಾಗ. 1942ರಲ್ಲಿ ಬರ್ಮಾ ಜಪಾನೀಯರ ವಶವಾಗಿ ಅಲ್ಲಿಯ ಅಕ್ಕಿ ನಿಂತಿತು; ಮರುವರ್ಷ ಬಂಗಾಳದಲ್ಲಿ ಲಕ್ಷಾಂತರ ಜನ ಹಸಿವಿನಿಂದ ಸತ್ತರು. ರೇಷನ್ ಚೀಟಿ ನಮ್ಮ ಮನೆಮಾತಾದದ್ದು ಆ ದಶಕದಲ್ಲೇ. 1965ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಗಳು ವಾರಕ್ಕೆ ಒಂದು ಹೊತ್ತು ಬಿಡಿರೆಂದು ಕೇಳಿಕೊಂಡಾಗ ಸೋಮವಾರದ ರಾತ್ರಿ ಹೋಟೆಲುಗಳು ಬಾಗಿಲು ಹಾಕಿದವು. ಬೇಡಿ ಪಡೆದ ಮಿತವ್ಯಯ ಅದು. ಎಷ್ಟು ಕಾಲ ನಿಂತೀತು?

ಇಷ್ಟರೊಳಗೆ ಇನ್ನೊಂದು ಬದಲಾವಣೆ ಸದ್ದಿಲ್ಲದೆ ಆಗಿತ್ತು. 1956ರ ತೂಕ-ಅಳತೆಗಳ ಕಾಯಿದೆಯ ತರುವಾಯ ಕಿಲೋಗ್ರಾಂ ಬಂತು. ಅದು ಬಂದದ್ದು ಒಳ್ಳೆಯದೇ. ಊರಿಗೊಂದು ಸೇರು, ಮನೆಗೊಂದು ಕೊಳಗ ಎಂಬ ಮೋಸ ಮುರಿಯಿತು. ಆದರೆ ಅಂಗಡಿಯಿಂದ ಹೋದ ಪಾವು ಮೆಲ್ಲಗೆ ಅಡಿಗೆಮನೆಯಿಂದಲೂ ಹೋಯಿತು. ಅದರ ಜಾಗಕ್ಕೆ ಕೈಯಂದಾಜು ಬಂತು. ಅಂದಾಜು ಯಾವಾಗಲೂ ಹೆಚ್ಚಿನ ಕಡೆಗೇ ವಾಲುತ್ತದೆ. ತಿಂಗಳ ಸಾಮಾನಿನ ಚೀಟಿ ಬರೆಯುವಾಗ ಡಬ್ಬಿಯಲ್ಲಿ ಎಷ್ಟಿದೆ ಎಂದು ತೆರೆದು ನೋಡುವವರು ಎಷ್ಟು ಮಂದಿ? ಒಂದು ಕೊಂಡರೆ ಒಂದು ಉಚಿತವೆಂದು ತಂದದ್ದು ಶೀತಲಪೆಟ್ಟಿಗೆಯ ಹಿಂಬದಿಯಲ್ಲಿ ವಾರ ಕಳೆದು, ಬೂಸಲು ಹಿಡಿದು, ಬುಟ್ಟಿ ಸೇರುತ್ತದೆ. ಅದು ಹಾಳಾಗದಂತೆ ಇಟ್ಟುಕೊಂಡೆವು ಎಂಬ ಸಮಾಧಾನ ಮಾತ್ರ ನಮಗೆ ಲಾಭ. ನಗರದ ಮನೆಯಲ್ಲಿ ಕೊಟ್ಟಿಗೆಯಿಲ್ಲ ನಿಜ. ಆದರೆ ಉಣ್ಣುವವರೆಷ್ಟು ಎಂದು ಎಣಿಸಲು ಕೊಟ್ಟಿಗೆ ಬೇಕಾಗಿಲ್ಲ.

ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮದವರು 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ 105 ಕೋಟಿ ಟನ್ ಆಹಾರ ಪೋಲಾಯಿತು; ಅದರಲ್ಲಿ ನೂರಕ್ಕೆ 60ರಷ್ಟು ಮನೆಗಳಿಂದಲೇ. ತಿನ್ನಲು ಬಾರದ ಸಿಪ್ಪೆ, ಬೀಜಗಳನ್ನೂ ಆ ಲೆಕ್ಕದಲ್ಲಿ ಸೇರಿಸಿದ್ದಾರೆ. ವರದಮೂಲದ ಕಡೆಯ ಅಜ್ಜಿಯರು ಕೇಳಿದ್ದರೆ, ಯಾವ ಸಿಪ್ಪೆ ತಿನ್ನಲು ಬಾರದೆಂದು ಮೊದಲು ವಾದಕ್ಕೆ ನಿಲ್ಲುತ್ತಿದ್ದರು.

ಆ ಕಡೆ ನನಗೆ ಬಳಕೆಯ ಒಂದು ಮನೆಯ ಅಟ್ಟದಲ್ಲಿ, ಒಲೆಯ ಹೊಗೆಗೆ ಕಪ್ಪಾದ ಹಳೆಯ ಕೊಳಗವೊಂದಿದೆ. ಅದು ಎಷ್ಟು ಸೇರು ಹಿಡಿಯುತ್ತದೆಂದು ಅಳೆದು ನೋಡುವ ಮನಸ್ಸು ಮನೆಯವರಿಗೆ ಇದುವರೆಗೆ ಬಂದಿಲ್ಲ. ಅದರ ತುಂಬ ಒಣಗಿಸಿದ ವಾಟೆಹುಳಿ ಇಟ್ಟಿದ್ದಾರೆ.