ತೈಕ್ಕಾಡಿನ 1920ರ ಆಪರೇಷನ್: ಹೆರಿಗೆ ಅಂದುಕೊಂಡಂತೆ ಆಗದಿದ್ದಾಗ

ಮೊನ್ನೆ ಹಾಕಿದ ವಿಡಿಯೋದ ಬರಹ ರೂಪ ಇದು. ಆಫೀಸ್ ಬಸ್ಸಲ್ಲಿ ಕೂತು ಓದೋರಿಗೆ ಅಂತ ಪ್ರತಿ ಸಲದ ಹಾಗೆ ಈ ಸಲವೂ ಬರೆದಿದ್ದೀನಿ. ಮಾತಿನ ಭರದಲ್ಲಿ ಬಿಟ್ಟುಹೋದ ಕೆಲವು ವಿಷಯಗಳನ್ನೂ ಸೇರಿಸಿದ್ದೀನಿ.

ನಾವಿರೋದು ತಿರುವನಂತಪುರದ ಪಟ್ಟಂನಲ್ಲಿ. ನನ್ನ ಕೆಲಸ ಟೆಕ್ನೋಪಾರ್ಕಲ್ಲಿ. ಹೋದ ಮಳೆಗಾಲದಲ್ಲಿ ನಮಗೆ ಮಗಳು ಹುಟ್ಟಿದಳು. ಮೊದಲ ಹೆರಿಗೆ ತವರಲ್ಲಿ ಆಗಬೇಕು ಅನ್ನೋದು ನಮ್ಮ ಕಡೆಯ ಪದ್ಧತಿ. ಆದರೆ ಹೆಂಡತಿಯ ತವರು ತೀರ್ಥಹಳ್ಳಿ ಹತ್ತಿರದ ಒಂಟಿಮನೆ. ಆಷಾಢದ ಮಳೆಯಲ್ಲಿ ರಾತ್ರಿ ಹೊತ್ತು ಅಲ್ಲಿಂದ ಆಸ್ಪತ್ರೆಗೆ ಹೊರಡೋದು ಅಂದ್ರೆ ಏನು ಅಂತ ಮಲೆನಾಡಿನವರಿಗೆ ಹೇಳಬೇಕಾಗಿಲ್ಲ. ಅದಕ್ಕೆ ಅವಳು ಇಲ್ಲೇ ಉಳಿದಳು. ಅತ್ತೆಯೇ ಒಂದು ಚೀಲ ಮೆಣಸು, ಶುಂಠಿ, ಬಾಣಂತಿ ಲೇಹ್ಯ ಕಟ್ಟಿಕೊಂಡು ಬೆಂಗಳೂರಿಂದ ಐಲೆಂಡ್ ಎಕ್ಸ್‌ಪ್ರೆಸ್ ಹತ್ತಿ ಬಂದರು.

ನಾನು ಇಂಜಿನಿಯರ್ ಅಲ್ವಾ, ಎಲ್ಲದಕ್ಕೂ ಶೀಟ್ ಮಾಡಿದ್ದೆ. ನೋವು ಬಂದರೆ ಯಾವ ದಾರಿ, ಯಾರಿಗೆ ಫೋನು, ಯಾವ ಬ್ಯಾಗು. ಆ ಶೀಟಲ್ಲಿ ಹೆರಿಗೆ ಅಂತ ಒಂದೇ ಸಾಲಿತ್ತು: "ನಾರ್ಮಲ್". ಆದದ್ದೇ ಬೇರೆ. ಬೆಳಿಗ್ಗೆ ನೀರು ಹೋಯ್ತು. ಸಂಜೆವರೆಗೂ ನೋವು ತಿಂದಳು. ಗರ್ಭಕೋಶದ ಬಾಯಿ ಆರು ಸೆಂಟಿಮೀಟರಿಗೆ ಬಂದು ಅಲ್ಲೇ ನಿಂತಿತು. ರಾತ್ರಿ ಹತ್ತರ ಮೇಲೆ ಮಗುವಿನ ಎದೆಬಡಿತ ಇಳಿಯೋಕೆ ಶುರುವಾಯ್ತು. ನರ್ಸ್ ಒಬ್ಬರು ನನ್ನ ಕೈಗೆ ಸಹಿ ಹಾಕೋ ಕಾಗದ ಕೊಟ್ಟು "ಪೇಡಿಕ್ಕಂಡಾ" ಅಂದರು. ಹೆದರಬೇಡಿ ಅಂತ. ಮುಕ್ಕಾಲು ಗಂಟೆಯಲ್ಲಿ ಆಪರೇಷನ್ ಮುಗಿದು ಮಗಳು ಅಳೋದು ಕೇಳಿಸಿತು.

ಮಾರನೇ ದಿನ ಊರಿಂದ ಬಂದ ಫೋನುಗಳಲ್ಲೆಲ್ಲ ಮೊದಲ ಪ್ರಶ್ನೆ ಒಂದೇ: "ನಾರ್ಮಲ್ಲಾ?" ಅತ್ತೆ ದನಿ ತಗ್ಗಿಸಿ "ಇಲ್ಲ, ಆಪರೇಷನ್ ಆಯ್ತು" ಅನ್ನೋರು, ಏನೋ ತಪ್ಪು ಒಪ್ಪಿಕೊಳ್ಳೋ ಹಾಗೆ. ನನ್ನ ಹೆಂಡತಿ ಗೋಡೆ ಕಡೆ ತಿರುಗಿ ಮಲಗಿರೋಳು. ಒಂದು ವಾರದ ನಂತರ ಕೇಳಿದಳು, "ನನ್ನ ಕೈಲಿ ಆಗಲಿಲ್ಲ ಅಲ್ವಾ?" ನನ್ನ ಹತ್ರ ಉತ್ತರ ಇರಲಿಲ್ಲ. ಹುಡುಕ್ತಾ ಹೋದೆ. ಉತ್ತರ ಸಿಕ್ಕಿದ್ದು ಇದೇ ಊರಿನ ಇತಿಹಾಸದಲ್ಲಿ.

ವಿಜ್ಞಾನ ಸಿಗದೆ ಇತಿಹಾಸ ಓದಿದವರು

ಪಟ್ಟಂನಿಂದ ಪಾಳಯಂ ದಾಟಿ ಮುಂದೆ ಹೋದರೆ ತೈಕ್ಕಾಡ್ ಸಿಗುತ್ತೆ. ಅಲ್ಲಿರೋ ಸರ್ಕಾರಿ ಹೆಂಗಸರ ಮತ್ತು ಮಕ್ಕಳ ಆಸ್ಪತ್ರೆ ತಿರುವಾಂಕೂರು ಮಹಾರಾಜರ ಕಾಲದ್ದು. 1916ರಲ್ಲಿ ಅಲ್ಲಿಗೆ ಹೆರಿಗೆ ತಜ್ಞೆಯಾಗಿ, ಸೂಪರಿಂಟೆಂಡೆಂಟ್ ಆಗಿ ಬಂದವರು ಡಾ. ಮೇರಿ ಪೂನ್ನೆನ್. ಮರುವರ್ಷ ಮದುವೆಯಾಗಿ ಮೇರಿ ಪೂನ್ನೆನ್ ಲೂಕೋಸ್ ಆದರು.

ಅವರು ಹುಟ್ಟಿದ್ದು 1886ರಲ್ಲಿ, ಕೋಟ್ಟಯಂ ಹತ್ತಿರದ ಐಮನಂನಲ್ಲಿ. ತಂದೆ ಪೂನ್ನೆನ್ ಅರಮನೆಯ ವೈದ್ಯರು. ಮಗಳಿಗೂ ಡಾಕ್ಟರ್ ಆಗೋ ಆಸೆ. ಆದರೆ ತಿರುವನಂತಪುರದ ಮಹಾರಾಜಾ ಕಾಲೇಜಿನಲ್ಲಿ ಹುಡುಗಿ ಅನ್ನೋ ಕಾರಣಕ್ಕೆ ವಿಜ್ಞಾನಕ್ಕೆ ಸೀಟು ಕೊಡಲಿಲ್ಲ. ಇತಿಹಾಸ ತಗೊಂಡು 1909ರಲ್ಲಿ ಬಿಎ ಮುಗಿಸಿದರು. ಆಮೇಲೆ ಹಡಗು ಹತ್ತಿ ಲಂಡನ್ನಿಗೆ ಹೋಗಿ ಅಲ್ಲಿನ ವಿಶ್ವವಿದ್ಯಾಲಯದಿಂದ ವೈದ್ಯಕೀಯ ಪದವಿ ಪಡೆದರು. ಹೆರಿಗೆ ವಿದ್ಯೆಯ ಹೆಚ್ಚಿನ ತರಬೇತಿ ಡಬ್ಲಿನ್ನಿನ ರೊಟಂಡಾ ಆಸ್ಪತ್ರೆಯಲ್ಲಿ. 1745ರಲ್ಲಿ ಶುರುವಾದ ಈ ಆಸ್ಪತ್ರೆ ಜಗತ್ತಿನ ಹಳೆಯ ಹೆರಿಗೆ ಆಸ್ಪತ್ರೆಗಳಲ್ಲಿ ಒಂದು.

ಅವರು ಊರಿಗೆ ವಾಪಸ್ ಬಂದಾಗಿನ ಪರಿಸ್ಥಿತಿ ನೋಡಿ. ಹೆರಿಗೆ ಅಂದ್ರೆ ಮನೆಯಲ್ಲೇ, ಸೂಲಗಿತ್ತಿಯ ಕೈಯಲ್ಲೇ. ಹತ್ತರಲ್ಲಿ ಎಂಟೊಂಬತ್ತು ಸಲ ಎಲ್ಲ ಸರಿಯಾಗೇ ಆಗ್ತಿತ್ತು, ಅದರಲ್ಲಿ ಅನುಮಾನ ಬೇಡ. ಮಿಕ್ಕ ಒಂದೆರಡು ಸಲದ್ದೇ ಕಷ್ಟ. ಮಗು ಅಡ್ಡ ಮಲಗಿದ್ದರೆ, ತಾಯಿಯ ಸೊಂಟದ ಕಟ್ಟು ಕಿರಿದಾಗಿದ್ದರೆ, ಎರಡು ಮೂರು ದಿನ ನೋವು ತಿಂದರೂ ಮಗು ಇಳಿಯದಿದ್ದರೆ? ಆಗ ಡಾಕ್ಟರ ಹತ್ರವೂ ಇದ್ದ ದಾರಿ ಭಯಾನಕವಾದದ್ದು. ಮಗುವನ್ನ ಒಳಗೇ ತುಂಡು ಮಾಡಿ ತೆಗೆದು ತಾಯಿಯನ್ನಾದರೂ ಉಳಿಸಿಕೊಳ್ಳೋದು. ಅದಕ್ಕೆ ಬೇಕಾದ ಸಲಕರಣೆಗಳು ಆ ಕಾಲದ ಹೆರಿಗೆ ಪೆಟ್ಟಿಗೆಯಲ್ಲಿ ಇದ್ದೇ ಇರ್ತಿದ್ದವು.

ತಮಿಳುನಾಡಿನ ಹಳ್ಳಿದಾರಿಗಳಲ್ಲಿ ಎರಡು ಕಲ್ಲು ನಿಲ್ಲಿಸಿ ಮೇಲೊಂದು ಅಡ್ಡ ಕಲ್ಲು ಇಟ್ಟಿರೋದನ್ನ ನೀವು ನೋಡಿರಬಹುದು. 'ಸುಮೈತಾಂಗಿ' ಅಂತಾರೆ, ದಾರಿಹೋಕರು ತಲೆಹೊರೆ ಇಳಿಸಿ ದಣಿವಾರಿಸಿಕೊಳ್ಳೋ ಕಲ್ಲು. ಅದರಲ್ಲಿ ಎಷ್ಟೋ ಕಲ್ಲುಗಳು ಬಸುರಿಯಲ್ಲೋ ಹೆರಿಗೆಯಲ್ಲೋ ಸತ್ತ ಹೆಂಗಸಿನ ನೆನಪಿಗೆ ಮನೆಯವರು ನಿಲ್ಲಿಸಿದವು. ಅವಳು ಇಳಿಸಲಾಗದೇ ಹೋದ ಹೊರೆಯನ್ನ ಬೇರೆಯವರಾದರೂ ಇಳಿಸಲಿ ಅಂತ. ಇದು ಗೊತ್ತಾದ ಮೇಲೆ ಆ ಕಲ್ಲುಗಳನ್ನ ಬರೀ ಕಲ್ಲು ಅಂತ ನೋಡೋಕೆ ನನಗೆ ಆಗ್ತಿಲ್ಲ.

1920

ಕೇರಳದ ಮೊದಲ ಸಿಸೇರಿಯನ್ ಅಂತ ದಾಖಲಾಗಿರೋದು 1920ರಲ್ಲಿ, ಮೇರಿ ಲೂಕೋಸ್ ಅವರ ಕೈಯಲ್ಲಿ ಆದದ್ದು. ಆಪರೇಷನ್ ಅಂದ ತಕ್ಷಣ ಈಗಿನ ಥಿಯೇಟರ್ ಕಣ್ಮುಂದೆ ತಂದುಕೊಳ್ಳಬೇಡಿ. ತಿರುವನಂತಪುರಕ್ಕೆ ಕರೆಂಟ್ ಬಂದದ್ದೇ 1929ರಲ್ಲಿ. ಕತ್ತಲಾದರೆ ಲಾಟೀನೇ ಗತಿ. ಪೆನಿಸಿಲಿನ್ ಇನ್ನೂ ಕಂಡುಹಿಡಿದಿರಲಿಲ್ಲ. ಬ್ಲಡ್ ಬ್ಯಾಂಕ್ ಇರಲಿಲ್ಲ. ರಕ್ತದ ಗುಂಪುಗಳು 1901ರಲ್ಲೇ ಗೊತ್ತಾಗಿದ್ದರೂ, ಬಾಟಲಿಯಲ್ಲಿ ರಕ್ತ ಸಿದ್ಧವಾಗಿಟ್ಟಿರೋ ವ್ಯವಸ್ಥೆ ಆಗಿನ್ನೂ ದೂರ.

ಹಾಗಿದ್ದರೆ ಇದ್ದದ್ದೇನು? ಹಿಂದಿನ ಎಪ್ಪತ್ತೆಂಬತ್ತು ವರ್ಷದಲ್ಲಿ ಒಂದೊಂದಾಗಿ ಸೇರಿದ ಮೂರು ತಿಳಿವಳಿಕೆ. 1847ರಲ್ಲಿ ಎಡಿನ್‌ಬರೋದಲ್ಲಿ ಸಿಂಪ್ಸನ್ ಹೆರಿಗೆಗೆ ಕ್ಲೋರೋಫಾರ್ಮ್ ಬಳಸಿದರು, ನೋವಿಗೆ ಉತ್ತರ ಸಿಕ್ಕಿತು. ಅದೇ ವರ್ಷ ವಿಯೆನ್ನಾದಲ್ಲಿ ಸೆಮ್ಮೆಲ್ವೈಸ್, ಡಾಕ್ಟರುಗಳು ಕೈ ತೊಳೆದುಕೊಂಡರೆ ಬಾಣಂತಿ ಜ್ವರದ ಸಾವು ಇಳಿಯುತ್ತೆ ಅಂತ ತೋರಿಸಿದರು. 1882ರಲ್ಲಿ ಜರ್ಮನಿಯ ಸೆಂಗರ್, ಕೊಯ್ದ ಗರ್ಭಕೋಶವನ್ನ ಸರಿಯಾಗಿ ಹೊಲಿಯಲೇಬೇಕು ಅಂತ ಬರೆದರು. ಓದಿ ನನಗೇ ನಂಬಿಕೆ ಬರಲಿಲ್ಲ. ಅಲ್ಲಿವರೆಗೆ ಹೆಚ್ಚಿನವರು ಗರ್ಭಕೋಶವನ್ನ ಹೊಲಿಯದೆ ಹಾಗೇ ಬಿಡ್ತಿದ್ದರು. ರಕ್ತ ಹೋಗಿಯೋ ನಂಜಾಗಿಯೋ ತಾಯಿ ಸಾಯೋಳು.

ಈ ಮೂರೂ ಇದ್ದರೂ 1920ರಲ್ಲಿ ಒಂದು ಷರತ್ತು ಉಳಿದಿತ್ತು: ಹೊತ್ತು. ನೋವು ಶುರುವಾದ ಸ್ವಲ್ಪ ಹೊತ್ತಿಗೇ ಆಪರೇಷನ್ ಮಾಡಿದರೆ ತಾಯಿ ಬದುಕೋ ಸಾಧ್ಯತೆ ಚೆನ್ನಾಗಿತ್ತು. ಎರಡು ದಿನ ಮನೆಯಲ್ಲಿ ಒದ್ದಾಡಿ, ಹತ್ತು ಸಲ ಕೈ ಹಾಕಿ ಪರೀಕ್ಷೆ ಮಾಡಿಸಿಕೊಂಡು, ಮೈಯೆಲ್ಲ ನಂಜೇರಿದ ಮೇಲೆ ಆಸ್ಪತ್ರೆಗೆ ತಂದರೆ ಎಷ್ಟೇ ಚಾಕಚಕ್ಯತೆಯ ಕೈಯಾದರೂ ಉಳಿಸೋದು ಕಷ್ಟ. ಅಂದ್ರೆ ಬದುಕು ಸಾವು ನಿರ್ಧಾರ ಆಗ್ತಿದ್ದದ್ದು ಮೇಜಿನ ಮೇಲಲ್ಲ, ಮನೆಯಲ್ಲಿ. ಏನೋ ಸರಿಯಿಲ್ಲ ಅಂತ ಮೊದಲು ಗುರುತಿಸಬೇಕಾದವಳು ಸೂಲಗಿತ್ತಿ.

ಮೇರಿ ಲೂಕೋಸ್ ಅವರ ದೊಡ್ಡ ಕೆಲಸ ಆ ಆಪರೇಷನ್ ಅಲ್ಲ ಅಂತ ನನಗೆ ಅನ್ನಿಸೋದು ಇದಕ್ಕೇ. ಅವರು ಸೂಲಗಿತ್ತಿಯರನ್ನ ಬೈಯಲಿಲ್ಲ, ದೂರ ಇಡಲಿಲ್ಲ. ಆಸ್ಪತ್ರೆಯಲ್ಲಿ ಪ್ರಸೂತಿ ತರಬೇತಿ ಶುರುಮಾಡಿ, ಊರಿನ ಸೂಲಗಿತ್ತಿಯರ ಮಕ್ಕಳನ್ನೇ ಸೇರಿಸಿಕೊಂಡರು. ಅಮ್ಮನ ಕೈಗುಣದ ಮೇಲೆ ಊರಿಗಿದ್ದ ನಂಬಿಕೆ ಮಗಳ ಜೊತೆ ಆಸ್ಪತ್ರೆಗೆ ಬಂತು. ತಾಯಂದಿರ ವಿರೋಧವೂ ಕರಗಿತು. ನಮ್ಮ ಕೆಲಸದಲ್ಲಿ ಹಳೇ ಸಿಸ್ಟಮ್ಮನ್ನ ಒಂದೇ ರಾತ್ರಿ ಕಿತ್ತೆಸೆದು ಹೊಸದು ಹಾಕಿ ಕೈ ಸುಟ್ಟುಕೊಂಡವರಿಗೆ ಇದರ ಜಾಣತನ ಗೊತ್ತಾಗುತ್ತೆ. 1922ರಲ್ಲಿ ಅವರು ತಿರುವಾಂಕೂರಿನ ಶಾಸನಸಭೆಗೆ ನಾಮಕರಣಗೊಂಡರು, 1938ರಲ್ಲಿ ಸಂಸ್ಥಾನದ ಸರ್ಜನ್ ಜನರಲ್ ಆದರು. ಭಾರತದಲ್ಲಿ ಆ ಹುದ್ದೆಗೇರಿದ ಮೊದಲ ಹೆಂಗಸು ಅವರೇ. 1975ರಲ್ಲಿ ಪದ್ಮಶ್ರೀ ಬಂತು, ಮರುವರ್ಷ ತೀರಿಕೊಂಡರು.

ಅದೇ ವರ್ಷ ಹುಟ್ಟಿದ ನಮ್ಮವರು

ಆ ಆಪರೇಷನ್ ಆದ 1920ರಲ್ಲೇ ನಮ್ಮ ಪಾವಗಡದ ಸೀಮೆಯಲ್ಲಿ ಒಂದು ಹೆಣ್ಣುಮಗು ಹುಟ್ಟಿತು. ಸೂಲಗಿತ್ತಿ ನರಸಮ್ಮ. ಓದು ಬರಹ ಇಲ್ಲ, ಆದರೆ ಹೊಟ್ಟೆಯ ಮೇಲೆ ಕೈಯಿಟ್ಟು ಮಗು ಹೇಗೆ ಮಲಗಿದೆ ಅಂತ ಹೇಳ್ತಿದ್ದರು. ಏಳು ದಶಕದಲ್ಲಿ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದರು, ದುಡ್ಡು ಮುಟ್ಟದೆ. 2018ರಲ್ಲಿ ಪದ್ಮಶ್ರೀ ಪಡೆದು, ಅದೇ ವರ್ಷ ಡಿಸೆಂಬರ್ 25ರಂದು ತೀರಿಕೊಂಡರು. ಲಂಡನ್ನಲ್ಲಿ ಓದಿದ ಡಾಕ್ಟರಿಗೂ ಪಾವಗಡದ ಸೂಲಗಿತ್ತಿಗೂ ಒಂದೇ ಗೌರವ ಸಂದದ್ದು ನನಗೆ ಸರಿ ಅನ್ನಿಸುತ್ತೆ. ಇಬ್ಬರಲ್ಲಿ ಒಬ್ಬರಿದ್ದರೆ ಸಾಲದು.

ಕಾಗದದ ಮೇಲಿನ ಎರಡು ಗೆರೆ

"ಏನೋ ಸರಿಯಿಲ್ಲ" ಅನ್ನೋದನ್ನ ಎಲ್ಲರಿಗೂ ಕಾಣೋ ಹಾಗೆ ಮಾಡೋದು ಹೇಗೆ? ನನ್ನ ಹೆಂಡತಿಯ ಮಂಚದ ತುದಿಯಲ್ಲಿ ಒಂದು ಹಾಳೆ ತೂಗುಹಾಕಿದ್ದರು. ನರ್ಸ್ ಆಗಾಗ ಬಂದು ಅದರಲ್ಲಿ ಚುಕ್ಕೆ ಇಡ್ತಿದ್ದರು. ಅದರ ಹೆಸರು ಪಾರ್ಟೋಗ್ರಾಮ್ ಅಂತ ಆಮೇಲೆ ತಿಳೀತು.

1954ರಲ್ಲಿ ನ್ಯೂಯಾರ್ಕಿನ ಫ್ರೀಡ್‌ಮನ್ ಅನ್ನೋ ಡಾಕ್ಟರು ಗರ್ಭಕೋಶದ ಬಾಯಿ ಗಂಟೆಗೆಷ್ಟು ತೆರೆಯುತ್ತೆ ಅಂತ ಗ್ರಾಫ್ ಹಾಕಿದರು. 1972ರಲ್ಲಿ ಆಫ್ರಿಕಾದ ರೊಡೇಷಿಯಾದಲ್ಲಿ, ಅಂದ್ರೆ ಈಗಿನ ಜಿಂಬಾಬ್ವೆಯಲ್ಲಿ, ಫಿಲ್‌ಪಾಟ್ ಮತ್ತು ಕ್ಯಾಸಲ್ ಅದಕ್ಕೆ ಎರಡು ಗೆರೆ ಎಳೆದರು. ಅಲ್ಲಿ ಹೆರಿಗೆ ಮಾಡಿಸ್ತಿದ್ದವರು ದೂರದ ಕ್ಲಿನಿಕ್ಕುಗಳ ದಾದಿಯರು, ಡಾಕ್ಟರು ಇರ್ತಿರಲಿಲ್ಲ. ಚುಕ್ಕೆ ಮೊದಲ ಗೆರೆ ದಾಟಿದರೆ ಎಚ್ಚರಿಕೆ, ದೊಡ್ಡ ಆಸ್ಪತ್ರೆಗೆ ಹೊರಡಿಸಿ. ನಾಲ್ಕು ಗಂಟೆ ಆಚೆಗಿರೋ ಎರಡನೇ ಗೆರೆ ತಲುಪಿದರೆ ಏನಾದರೊಂದು ಕ್ರಮ ತಗೊಳ್ಳಿ. ನಮ್ಮ ಮಾನಿಟರಿಂಗ್ ಡ್ಯಾಶ್‌ಬೋರ್ಡಿನ ವಾರ್ನಿಂಗ್ ಮತ್ತು ಕ್ರಿಟಿಕಲ್ ಅಲರ್ಟ್ ಇದೇ ಅಲ್ವಾ? ನಾವದನ್ನ ಸರ್ವರಿಗೆ ಹಾಕ್ತೀವಿ, ಅವರು ಪೆನ್ಸಿಲಿನಲ್ಲಿ ಜೀವಕ್ಕೆ ಹಾಕಿದರು.

ವಿಶ್ವ ಆರೋಗ್ಯ ಸಂಸ್ಥೆ ಆಗ್ನೇಯ ಏಷ್ಯಾದಲ್ಲಿ 35,000ಕ್ಕೂ ಹೆಚ್ಚು ಹೆರಿಗೆಗಳಲ್ಲಿ ಇದನ್ನ ಪರೀಕ್ಷಿಸಿ 1994ರಲ್ಲಿ ಫಲಿತಾಂಶ ಪ್ರಕಟಿಸಿತು. ತೀರಾ ಎಳೆದಾಡೋ ಹೆರಿಗೆಗಳೂ ಕಮ್ಮಿಯಾದವು, ತುರ್ತು ಸಿಸೇರಿಯನ್ನೂ ಕಮ್ಮಿಯಾಯಿತು. ಆಮೇಲೆ ಎಲ್ಲರ ದೇಹವೂ ಗಂಟೆಗೊಂದು ಸೆಂಟಿಮೀಟರ್ ಲೆಕ್ಕಕ್ಕೆ ನಡೆಯಲ್ಲ ಅಂತ ತಿಳಿದು, 2020ರಲ್ಲಿ ಆ ಹಾಳೆಯನ್ನೇ ತಿದ್ದಿದರು. ತಿದ್ದಿಕೊಳ್ಳೋದೂ ವಿಜ್ಞಾನವೇ.

ಹೆಸರಿಲ್ಲದ ವರದಿ

ಎಲ್ಲ ಎಚ್ಚರಿಕೆ ಇದ್ದೂ ತಾಯಿ ತೀರಿಕೊಂಡರೆ? ಬ್ರಿಟನ್ನಿನಲ್ಲಿ 1952ರಿಂದಲೂ ಇಂಥ ಪ್ರತಿ ಸಾವನ್ನ ಗುಟ್ಟಾಗಿ ಪರಿಶೀಲಿಸೋ ಪದ್ಧತಿ ಇದೆ. 2004ರಲ್ಲಿ ಕೇರಳದ ಹೆರಿಗೆ ತಜ್ಞರ ಒಕ್ಕೂಟ ಅದನ್ನ ಇಲ್ಲಿ ಶುರುಮಾಡಿತು, ಭಾರತದಲ್ಲಿ ಮೊದಲ ಬಾರಿಗೆ. ತಾಯಿಯ ಹೆಸರಿಲ್ಲ, ಡಾಕ್ಟರ ಹೆಸರಿಲ್ಲ, ಆಸ್ಪತ್ರೆಯ ಹೆಸರಿಲ್ಲ. ಏನಾಯ್ತು, ಎಲ್ಲಿ ತಡವಾಯ್ತು ಅನ್ನೋದಷ್ಟೇ. ಶಿಕ್ಷೆಯ ಭಯ ಇಲ್ಲದಿದ್ದರೆ ಜನ ನಿಜ ಹೇಳ್ತಾರೆ. ಯಾರ ತಪ್ಪು ಅಂತ ಕೇಳದೆ ಯಾಕೆ ಆಯ್ತು ಅಂತ ಕೇಳೋ ಆರ್‌ಸಿಎ ಮೀಟಿಂಗ್ ನಮ್ಮಲ್ಲೂ ಅಪರೂಪ. ಮುಖ್ಯ ಕಾರಣಗಳಾಗಿ ಕಂಡದ್ದು ಹೆರಿಗೆಯ ನಂತರದ ರಕ್ತಸ್ರಾವ ಮತ್ತು ರಕ್ತದೊತ್ತಡ. ಅವೆರಡಕ್ಕೆ ಎಲ್ಲ ಕಡೆ ಒಂದೇ ಥರದ ಕ್ರಮ ಬರೆದಿಟ್ಟು ತರಬೇತಿ ಕೊಟ್ಟರು.

2018–20ರ ಸರ್ಕಾರಿ ಲೆಕ್ಕದ ಪ್ರಕಾರ ಒಂದು ಲಕ್ಷ ಜೀವಂತ ಹೆರಿಗೆಗೆ ಸಾಯೋ ತಾಯಂದಿರು ಭಾರತದಲ್ಲಿ 97, ಕರ್ನಾಟಕದಲ್ಲಿ 69, ಕೇರಳದಲ್ಲಿ 19. ಕರ್ನಾಟಕ ಆಗ ದಕ್ಷಿಣದ ರಾಜ್ಯಗಳಲ್ಲೇ ಹಿಂದಿತ್ತು. ನಮ್ಮೂರು ಅಂತ ಈ ಅಂಕಿಯನ್ನ ಮುಚ್ಚಿಡೋದು ಬೇಡ.

ಇನ್ನೊಂದು ಮುಖವನ್ನೂ ಹೇಳಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಸಿಸೇರಿಯನ್ ಹೆರಿಗೆ ಕೇರಳದಲ್ಲಿ ಶೇ. 38.9, ಕರ್ನಾಟಕದಲ್ಲಿ ಶೇ. 31.5. ಒಂದು ಸಮಾಜದಲ್ಲಿ ಇದು ಶೇ. 10 ದಾಟಿದ ಮೇಲೆ ಸಾವು ಇನ್ನಷ್ಟು ಇಳಿಯೋದು ಕಾಣ್ತಿಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಹೇಳಿದೆ. ಬೇಡದ ಆಪರೇಷನ್ನುಗಳು ಖಂಡಿತ ನಡೀತಿವೆ, ಅದನ್ನ ಪ್ರಶ್ನೆ ಮಾಡಬೇಕು. ಆದರೆ ಆ ಪ್ರಶ್ನೆ ಕೇಳಬೇಕಾದದ್ದು ವ್ಯವಸ್ಥೆಯನ್ನ. ಹೊಲಿಗೆ ಹಾಕಿಸಿಕೊಂಡು ಮಲಗಿರೋ ಬಾಣಂತಿಯನ್ನ ಅಲ್ಲ.

ಬೇರೆ ಬೇರೆ ಆದ್ರು

ಮಗಳಿಗೆ ಮೂರು ತಿಂಗಳಾದಾಗ ಒಂದು ಭಾನುವಾರ ಮೂವರೂ ಆಟೋದಲ್ಲಿ ತೈಕ್ಕಾಡಿಗೆ ಹೋದೆವು. ಆಸ್ಪತ್ರೆ ಇವತ್ತಿಗೂ ನಡೀತಿದೆ. ಗೇಟಿನ ಹತ್ರ ಫ್ಲಾಸ್ಕು ಹಿಡಿದ ಅಜ್ಜಿಯರು, ಫೋನು ಹಿಡಿದು ಓಡಾಡೋ ಗಂಡಂದಿರು. ನಾನು ಆವತ್ತು ಇದ್ದ ಹಾಗೇ ಇದ್ದರು. ಅಲ್ಲೇ ಮರದಡಿ ನಿಂತು ಹೆಂಡತಿಗೆ ಇದೆಲ್ಲ ಹೇಳಿದೆ. 1910ರಲ್ಲಾಗಿದ್ದರೆ ಆ ಆರು ಸೆಂಟಿಮೀಟರ್ ನಮ್ಮಿಬ್ಬರ ಪಾಲಿಗೆ ಕೊನೆಯಾಗಿರೋದು ಅಂತ. ಅವಳು ಮಗಳ ಟೋಪಿ ಸರಿಮಾಡಿ, "ಅಂದ್ರೆ ನನ್ನ ಕೈಲಿ ಆಯ್ತು" ಅಂದಳು.

ನಮ್ಮಲ್ಲಿ ಹಿರಿಯರು ಬಸುರಿಗೆ ನಾರ್ಮಲ್ ಆಗಲಿ ಅಂತ ಹರಸಲ್ಲ. "ಸುಖವಾಗಿ ಬೇರೆ ಬೇರೆ ಆಗಲಿ" ಅಂತಾರೆ. ಎರಡು ಜೀವ ಬೇರೆಯಾಗಬೇಕು, ಎರಡೂ ಉಳೀಬೇಕು. ಹೇಗೆ ಅನ್ನೋ ಷರತ್ತು ಆ ಮಾತಲ್ಲಿಲ್ಲ. ಅತ್ತೆಗೂ ಇದನ್ನ ಹೇಳಿದ್ದೆ. ಮೊನ್ನೆ ಊರಿಂದ ಯಾರೋ ಫೋನ್ ಮಾಡಿ ಅದೇ ಪ್ರಶ್ನೆ ಕೇಳಿದರು. ಅತ್ತೆ ಜೋರಾಗೇ ಹೇಳಿದರು: "ಚೆನ್ನಾಗಿ ಬೇರೆ ಬೇರೆ ಆದ್ರು ಕಣೇ."

ಈ ಸಲಕ್ಕೆ ಇಷ್ಟು. ನಿಮ್ಮನ್ನ ಕೈಗೆ ಎತ್ತಿಕೊಂಡ ಸೂಲಗಿತ್ತಿ ಅಥವಾ ನರ್ಸ್ ಹೆಸರು ನಿಮ್ಮ ಅಮ್ಮನಿಗೆ ನೆನಪಿದ್ದರೆ, ಇವತ್ತು ಫೋನ್ ಮಾಡಿದಾಗ ಕೇಳಿ ಬರೆದಿಟ್ಟುಕೊಳ್ಳಿ. ಮುಂದಿನ ವಾರ ಸಿಗೋಣ.